ಮೂರೂ ಇಂಡಿಕೇಟರ್ ಉರಿಯುತ್ತಿವೆ, ಮೋಟಾರ್ ಎತ್ತುತ್ತಿಲ್ಲ: ಪ್ಯಾನೆಲ್‌ಗೆ ನಿಯಾನೋ ತಂತಿ ಬಲ್ಬೋ?

ಪ್ರಶ್ನೆ: ನಮ್ಮ ಅಡಿಕೆ ತೋಟದಲ್ಲಿ 5 ಎಚ್‌ಪಿ ಸಬ್‌ಮರ್ಸಿಬಲ್ ಪಂಪ್ ಇದೆ. ಮೀಟರ್ ಬಾಕ್ಸಿನಿಂದ ಪಂಪ್‌ಹೌಸಿಗೆ ಸುಮಾರು 100 ಮೀಟರ್ ನಾಲ್ಕು ಕೋರ್ ಕೇಬಲ್ ಎಳೆದಿದ್ದೇವೆ. ಸ್ಟಾರ್ಟರ್ ಪ್ಯಾನೆಲ್ ಮೇಲೆ ಕೆಂಪು, ಹಳದಿ, ನೀಲಿ ಮೂರು ನಿಯಾನ್ ಇಂಡಿಕೇಟರ್‌ಗಳಿವೆ. ಮೊನ್ನೆ ಮೂರೂ ಉರಿಯುತ್ತಿದ್ದವು, ಟೆಸ್ಟರ್ ಇಟ್ಟರೂ ಮೂರೂ ಫೇಸಿನಲ್ಲಿ ಉರಿಯಿತು. ಆದರೆ ಮೋಟಾರ್ ಗುಂಯ್ ಎಂದು ನಿಂತುಬಿಟ್ಟಿತು. ಆಮೇಲೆ ನೋಡಿದರೆ ಮೀಟರ್ ಬಾಕ್ಸಿನಲ್ಲಿ ಒಂದು ಫೇಸಿನ ಕಿಟ್‌ಕ್ಯಾಟ್ ಫ್ಯೂಸ್ ಹೋಗಿತ್ತು. ನಿಯಾನ್ ತೆಗೆದು ತಂತಿ ಬಲ್ಬಿನ ಇಂಡಿಕೇಟರ್ ಹಾಕಬೇಕೇ? ಹಾಗೆಯೇ, ರಿಪೇರಿಯ ವಸ್ತುವಿಗೆ ಒಂದು ಬಲ್ಬಿನ ಮೂಲಕ ಕರೆಂಟ್ ಕೊಟ್ಟು ನೋಡುವ ಸೀರೀಸ್ ಬೋರ್ಡಿಗೆ 100 ವ್ಯಾಟಿನ ಹಳೆಯ ಬಲ್ಬಿನ ಬದಲು ಎಲ್‌ಇಡಿ ಬಲ್ಬು ಹಾಕಿದರೆ ನಡೆಯುತ್ತದೆಯೇ?

ಉತ್ತರ: ಎರಡನೆಯ ಪ್ರಶ್ನೆಗೆ ನೇರ ಉತ್ತರ: ನಡೆಯುವುದಿಲ್ಲ. ಕಾರಣ ಕೆಳಗಿದೆ. ಮೊದಲನೆಯದಕ್ಕೆ ಉತ್ತರ ಸ್ವಲ್ಪ ಉದ್ದ, ಏಕೆಂದರೆ ನಿಮ್ಮ ನಿಯಾನ್ ಕೆಟ್ಟಿರಲಿಲ್ಲ. ಅದಕ್ಕೆ ತಿಳಿದದ್ದನ್ನು ಅದು ಸರಿಯಾಗಿಯೇ ಹೇಳಿತು. ನಿಮಗೆ ಬೇಕಿದ್ದ ಉತ್ತರ ಬೇರೆಯದಾಗಿತ್ತು.

ನಿಯಾನ್ ದೀಪದೊಳಗೆ ಕಾಯುವ ತಂತಿಯಿಲ್ಲ. ಸಣ್ಣ ಗಾಜಿನ ಕೊಳವೆಯಲ್ಲಿ ಒಂದಕ್ಕೊಂದು ತಾಗದ ಎರಡು ಕಡ್ಡಿಗಳು, ಸುತ್ತ ಕಡಿಮೆ ಒತ್ತಡದ ನಿಯಾನ್ ಅನಿಲ, ಅದರಲ್ಲಿ ಚೂರು ಆರ್ಗಾನ್. ಕಡ್ಡಿಗಳ ನಡುವೆ ವೋಲ್ಟೇಜು ಒಂದು ಮಟ್ಟ ಮುಟ್ಟುವವರೆಗೆ ಕರೆಂಟ್ ಹರಿಯುವುದೇ ಇಲ್ಲ. ಸಾಮಾನ್ಯ ನಿಯಾನಿಗೆ ಆ ಮಟ್ಟ ಎಸಿಯಲ್ಲಿ ಸುಮಾರು 65 ವೋಲ್ಟ್, ಡಿಸಿಯಲ್ಲಿ 90 ವೋಲ್ಟ್. ಅಲ್ಲಿಗೆ ಅನಿಲ ಹೊತ್ತಿಕೊಳ್ಳುತ್ತದೆ. ಹೊತ್ತಿದ ಮೇಲೆ ದೀಪದ ಮೇಲೆ ಸುಮಾರು 60 ವೋಲ್ಟ್ ಮಾತ್ರ ಉಳಿಯುತ್ತದೆ, ಮಿಕ್ಕದ್ದನ್ನು ಸೀರೀಸಿನಲ್ಲಿರುವ ರೆಸಿಸ್ಟರ್ ಹೊರುತ್ತದೆ. 230 ವೋಲ್ಟಿಗೆ 220 ಕಿಲೋ ಓಮ್ ಹಾಕಿದ್ದರೆ ಹರಿಯುವ ಕರೆಂಟ್ 0.7 ಮಿಲಿಆಂಪ್ ಆಸುಪಾಸು. ಅದರ ಹತ್ತರಲ್ಲೊಂದು ಕರೆಂಟ್ ಸಿಕ್ಕರೂ ಕತ್ತಲಲ್ಲಿ ಮಂಕಾಗಿ ಕಾಣುತ್ತದೆ.

ತಂತಿ ಬಲ್ಬಿಗೆ ಇಷ್ಟು ಸಾಲದು. 15 ವ್ಯಾಟಿನ ಪುಟ್ಟ ಬಲ್ಬು ಉರಿಯಲೂ 65 ಮಿಲಿಆಂಪ್ ಬೇಕು, 100 ವ್ಯಾಟಿನದ್ದಕ್ಕೆ 430 ಮಿಲಿಆಂಪ್. ಅಷ್ಟು ಕರೆಂಟ್ ಕೊಡುವ ತಾಕತ್ತು ಲೈನಿನ ಹಿಂದೆ ಇದ್ದರೆ ಮಾತ್ರ ಟಂಗ್‌ಸ್ಟನ್ ತಂತಿ ಕಾದು ಬೆಳಗುತ್ತದೆ. ಹಾಗಾಗಿ ನಿಯಾನ್ ಹೇಳುವುದು ‘ಇಲ್ಲಿ ವೋಲ್ಟೇಜಿದೆ’ ಎಂಬುದನ್ನು. ಬಲ್ಬು ಹೇಳುವುದು ‘ಈ ಲೈನು ಭಾರ ಹೊರುತ್ತದೆ’ ಎಂಬುದನ್ನು. ದೀಪ ಆರಿಸುವಾಗ ಬೆಲೆ, ಬಣ್ಣಕ್ಕಿಂತ ಮೊದಲು ಇದನ್ನು ಕೇಳಿಕೊಳ್ಳಬೇಕು.

ಈಗ ನಿಮ್ಮ ಫ್ಯೂಸ್ ಹೋದ ಫೇಸಿಗೆ ಬರೋಣ. ಅದರಲ್ಲಿ ನಿಯಾನ್ ಉರಿಯಲು ಕನಿಷ್ಠ ಮೂರು ದಾರಿಗಳಿವೆ.

ಮೊದಲನೆಯದು ಕೇಬಲ್. ಅಕ್ಕಪಕ್ಕದ ಎರಡು ಕೋರ್‌ಗಳು, ನಡುವೆ ಇನ್ಸುಲೇಶನ್: ಇದೇ ಒಂದು ಕೆಪಾಸಿಟರ್, ಅಂದರೆ ನೇರ ತಾಗದೆಯೂ ಎಸಿ ಕರೆಂಟನ್ನು ಚೂರು ದಾಟಿಸುವ ಜೋಡಿ. ಮೀಟರಿಗೆ 100 ಪಿಕೋಫ್ಯಾರಡ್ ಎಂದಿಟ್ಟುಕೊಂಡರೂ 100 ಮೀಟರಿಗೆ 10 ನ್ಯಾನೋಫ್ಯಾರಡ್ ಆಯಿತು. 230 ವೋಲ್ಟ್, 50 ಹರ್ಟ್ಸ್‌ನಲ್ಲಿ ಅಷ್ಟರ ಮೂಲಕ 0.7 ಮಿಲಿಆಂಪ್ ತನಕ ಹರಿಯಬಲ್ಲದು. ಮೂರು ಫೇಸಿನ ಕೇಬಲ್ಲಿನಲ್ಲಿ ಪಕ್ಕದ ಎರಡು ಫೇಸುಗಳ ಪ್ರಭಾವ ಒಂದಕ್ಕೊಂದು ಭಾಗಶಃ ವಜಾ ಆಗುವುದರಿಂದ ಅಷ್ಟೂ ಸಿಗುವುದಿಲ್ಲ. ಆದರೂ ಸತ್ತ ಕೋರಿನಲ್ಲಿ 70-80 ವೋಲ್ಟ್ ಕೂರುವುದು ಸಾಮಾನ್ಯ. ನಿಯಾನ್ ಮಂಕಾಗಿ ಹೊತ್ತಲು ಅಷ್ಟು ಸಾಕು, ಟೆಸ್ಟರಿಗಂತೂ ಧಾರಾಳ ಸಾಕು. 15 ವ್ಯಾಟಿನ ಬಲ್ಬನ್ನು ಅದೇ ಕೋರಿಗೆ ಕೊಟ್ಟರೆ ಆ ವೋಲ್ಟೇಜು ಅಲ್ಲೇ ಕುಸಿದು ಸೊನ್ನೆಯಾಗುತ್ತದೆ.

ಎರಡನೆಯದು ಪ್ಯಾನೆಲ್ಲಿನೊಳಗಿನ ಸಾಮಾನು. ಫೇಸ್-ಫೇಸ್ ನಡುವೆ ಕೂತ ವೋಲ್ಟ್‌ಮೀಟರ್, ಕಂಡೆನ್ಸರ್ (ಕೆಪಾಸಿಟರ್), ಸ್ಟಾರ್ಟರಿನ 415 ವೋಲ್ಟಿನ ಕಾಯಿಲ್, ಇವುಗಳ ಮೂಲಕ ಜೀವಂತ ಫೇಸಿನ ಕರೆಂಟ್ ಸತ್ತ ಫೇಸಿಗೆ ಹಿಂದಿನಿಂದ ಬರುತ್ತದೆ. ಎರಡೇ ಫೇಸಿನಲ್ಲಿ ಮೋಟಾರ್ ಓಡಿಸಲು ಕಂಡೆನ್ಸರ್ ಕಟ್ಟಿಕೊಂಡಿರುವ ಪ್ಯಾನೆಲ್‌ಗಳಲ್ಲಿ ಮೂರನೆಯ ದೀಪ ಝಗಮಗಿಸುವುದು ಇದರಿಂದಲೇ.

ಮೂರನೆಯದು ಮೋಟಾರೇ. ಸ್ಟಾರ್ಟ್ ಒತ್ತಿ ಕಾಂಟ್ಯಾಕ್ಟರ್ (ಮೋಟಾರಿಗೆ ಕರೆಂಟ್ ಕೊಡುವ ಸ್ವಿಚ್) ಕೂತಾಗ ಸತ್ತ ಫೇಸಿನ ತುದಿ ವೈಂಡಿಂಗ್ ಮೂಲಕ ಮಿಕ್ಕೆರಡು ಫೇಸುಗಳ ನಟ್ಟನಡುವೆ ಸಿಕ್ಕಿಕೊಳ್ಳುತ್ತದೆ. ಲೆಕ್ಕ ಹಾಕಿದರೆ ನ್ಯೂಟ್ರಲ್‌ಗೆ ಅಲ್ಲಿ 115 ವೋಲ್ಟ್, ಅಂದರೆ ಅರ್ಧ ವೋಲ್ಟೇಜು. ಮೋಟಾರ್ ಗುಂಯ್ ಎನ್ನುವ ಹೊತ್ತಿಗೆ ನಿಮ್ಮ ಮೂರನೆಯ ನಿಯಾನ್ ಉರಿಯುತ್ತಿದ್ದದ್ದು ಬಹುಪಾಲು ಹೀಗೆ. 115 ವೋಲ್ಟಿನಲ್ಲಿ ನಿಯಾನಿನ ಕರೆಂಟ್ ಮೂರನೇ ಒಂದಕ್ಕೆ ಇಳಿದಿರುತ್ತದೆ, ಆದರೆ ಹಗಲಲ್ಲಿ ಆ ವ್ಯತ್ಯಾಸವನ್ನು ಗುರುತಿಸುವವರು ಕಡಿಮೆ. ತಂತಿ ಬಲ್ಬಿನಲ್ಲಿ ಮಾತ್ರ ಅದು ಎದ್ದು ಕಾಣುತ್ತದೆ. ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತಕ್ಕೆ ಅನುಗುಣವಾಗಿ ಬದಲಾಗುವುದರಿಂದ ಅರ್ಧ ವೋಲ್ಟೇಜಿಗೆ ಬೆಳಕು ಹತ್ತರಲ್ಲೊಂದಾಗಿ, ತಂತಿ ಕೆಂಡದ ಹಾಗೆ ಕೆಂಪಗಷ್ಟೇ ಕಾಣುತ್ತದೆ. ವೋಲ್ಟೇಜು 180ಕ್ಕೆ ಬಿದ್ದ ದಿನವೂ ಬಲ್ಬಿನ ಬೆಳಕು ಅರ್ಧಕ್ಕಿಂತ ಕಡಿಮೆಯಾಗುತ್ತದೆ, ನಿಯಾನ್ ಎಂದಿನಂತೆಯೇ ಇರುತ್ತದೆ. ಲೋ ವೋಲ್ಟೇಜಿನಲ್ಲಿ ಮೋಟಾರ್ ಸುಟ್ಟುಕೊಳ್ಳುವ ಕಡೆಗಳಲ್ಲಿ ಇದು ಸಣ್ಣ ಲಾಭವಲ್ಲ.

ಹಾಗಾದರೆ ಮೂರೂ ಕಡೆ ತಂತಿ ಬಲ್ಬು ಹಾಕಿಬಿಡಿ ಎನ್ನಬಹುದಿತ್ತು. ಸದಾ ಉರಿಯುವ ಇಂಡಿಕೇಟರ್ ಆಗಿ ಅದನ್ನು ಹಾಕಬೇಡಿ ಎನ್ನುವುದೇ ನನ್ನ ಸಲಹೆ. ಸಾಮಾನ್ಯ ಬಲ್ಬಿನ ಆಯಸ್ಸು 1000 ಗಂಟೆ. ದಿನಕ್ಕೆ 7 ಗಂಟೆ ಕರೆಂಟ್ ಬಂದರೂ ಐದು ತಿಂಗಳಿಗೆ ಮುಗಿಯಿತು. ಅದೂ ವೋಲ್ಟೇಜು ಸರಿಯಿದ್ದರೆ. ಬಲ್ಬಿನ ಆಯಸ್ಸು ವೋಲ್ಟೇಜಿನ 12-13ನೇ ಘಾತಕ್ಕೆ ವಿಲೋಮವಾಗಿ ಓಡುತ್ತದೆ: 5 ಶೇಕಡಾ ಹೆಚ್ಚಾದರೆ ಆಯಸ್ಸು ಅರ್ಧ, 10 ಶೇಕಡಾ ಹೆಚ್ಚಾಗಿ 253 ವೋಲ್ಟ್ ಬಂದರೆ ಮೂರನೇ ಒಂದಕ್ಕಿಂತ ಕಡಿಮೆ. ರಾತ್ರಿ ಎಲ್ಲರ ಪಂಪೂ ನಿಂತಾಗ ಲೈನಿನಲ್ಲಿ ವೋಲ್ಟೇಜು ಏರುವುದು ನಿಮಗೆ ಗೊತ್ತೇ ಇದೆ. ಜೊತೆಗೆ ಕಾಂಟ್ಯಾಕ್ಟರ್ ಬಡಿಯುವ ಪ್ರತಿ ಸಲವೂ ಪ್ಯಾನೆಲ್ ಅದುರುತ್ತದೆ; ಕೆಲ ಕಾಲ ಉರಿದು ತಣಿದ ಟಂಗ್‌ಸ್ಟನ್ ತಂತಿ ತುಂಬ ಪೆಳಸು. ಇನ್ನು ಶಾಖ: 15 ವ್ಯಾಟಿನಲ್ಲಿ ಹೆಚ್ಚುಕಡಿಮೆ ಎಲ್ಲವೂ ಶಾಖವೇ. ಮುಚ್ಚಿದ ಪೆಟ್ಟಿಗೆಯಲ್ಲಿ ಮೂರು ಬಲ್ಬು ಇಟ್ಟರೆ ಪ್ಲಾಸ್ಟಿಕ್ ಮುಚ್ಚಳ ಸೊಟ್ಟಗಾಗುತ್ತದೆ, ವೈರಿನ ಪಿವಿಸಿ ಗಟ್ಟಿಯಾಗಿ ಬಿರಿಯುತ್ತದೆ. ಅಂದಹಾಗೆ ಅಂಗಡಿಯಲ್ಲಿ ಝೀರೋ ವ್ಯಾಟ್ ಎಂದು ಕೊಡುವ ಬಣ್ಣದ ಬಲ್ಬು ನಿಜಕ್ಕೂ 12ರಿಂದ 15 ವ್ಯಾಟ್ ತಿನ್ನುತ್ತದೆ. ಹೆಸರು ನೋಡಿ ಅದು ತಣ್ಣಗಿರುತ್ತದೆ ಎಂದುಕೊಳ್ಳಬೇಡಿ.

ನಿಯಾನಿಗೆ ಈ ಯಾವ ಕಷ್ಟವೂ ಇಲ್ಲ. ಅದುರಿದರೆ ತುಂಡಾಗಲು ತಂತಿಯಿಲ್ಲ, ಹತ್ತಿಸಿದ ಕ್ಷಣ ಕರೆಂಟ್ ನುಗ್ಗುವುದಿಲ್ಲ, ಸರಿಯಾದ ರೆಸಿಸ್ಟರ್ ಇದ್ದರೆ 20-25 ಸಾವಿರ ಗಂಟೆ ಬಾಳುತ್ತದೆ. ಆದ್ದರಿಂದ ನಿಮ್ಮ ಪ್ಯಾನೆಲ್ ಮೇಲೆ ನಿಯಾನೇ ಇರಲಿ, ಅದರ ಸುಳ್ಳು ಬೆಳಕನ್ನು ಸಾಧ್ಯವಾದಷ್ಟು ಕಟ್ಟಿಹಾಕಿ, ಪಕ್ಕದಲ್ಲಿ ಸ್ವಿಚ್ ತಿರುಗಿಸಿದಾಗ ಮಾತ್ರ ಉರಿಯುವ ಒಂದು ತಂತಿ ಬಲ್ಬನ್ನು ಇಡಿ.

ಕಟ್ಟಿಹಾಕುವ ಕ್ರಮ ಹೀಗೆ. ಮೇನ್ ಆಫ್ ಮಾಡಿ, ನಿಜಕ್ಕೂ ಆಫ್ ಆಗಿದೆಯೆಂದು ಮೀಟರಿನಲ್ಲಿ ನೋಡಿ, ಪ್ಯಾನೆಲ್ಲಿನಲ್ಲಿ ಕಂಡೆನ್ಸರ್ ಇದ್ದರೆ ಅದನ್ನು ಡಿಸ್‌ಚಾರ್ಜ್ ಮಾಡಿದ ಮೇಲೆ ಕೈ ಹಾಕಿ. ಪ್ರತಿ ಇಂಡಿಕೇಟರಿನ ಎರಡು ಟರ್ಮಿನಲ್‌ಗಳ ನಡುವೆ 47 ಕಿಲೋ ಓಮ್, 3 ವ್ಯಾಟಿನ ಒಂದು ರೆಸಿಸ್ಟರನ್ನು ಪ್ಯಾರಲಲ್ ಕೂರಿಸಿ. 230 ವೋಲ್ಟಿನಲ್ಲಿ ಇದರಲ್ಲಿ 5 ಮಿಲಿಆಂಪ್ ಹರಿದು 1.1 ವ್ಯಾಟ್ ಶಾಖ ಹುಟ್ಟುತ್ತದೆ. ಆದ್ದರಿಂದ 1 ವ್ಯಾಟಿನದ್ದು ಸಾಲದು, ವೈರುಗಳಿಗೆ ತಾಗದಂತೆಯೂ ಇಡಬೇಕು. ಕೇಬಲ್ಲಿನ ಕೆಪಾಸಿಟರಿನಿಂದ ಬರುವ 70-80 ವೋಲ್ಟ್ ಈ ರೆಸಿಸ್ಟರಿನ ಮುಂದೆ ಹೊತ್ತುವ ಮಟ್ಟಕ್ಕಿಂತ ಬಹಳ ಕೆಳಗೆ ಇಳಿಯುತ್ತದೆ, ನಿಯಾನ್ ಹೊತ್ತುವುದಿಲ್ಲ. ಆದರೆ ಮೋಟಾರ್ ಅಥವಾ ಕಾಯಿಲ್ ಮೂಲಕ ಬರುವ ಕರೆಂಟಿಗೆ ಈ ಉಪಾಯ ನಾಟುವುದಿಲ್ಲ. ಅಲ್ಲಿ ಹಿಂದಿರುವ ತಾಕತ್ತು ದೊಡ್ಡದು.

ಅದಕ್ಕೇ ಬಲ್ಬು ಬೇಕು. ಒಂದು ಗಟ್ಟಿ ಹೋಲ್ಡರಿನಲ್ಲಿ 15 ಅಥವಾ 25 ವ್ಯಾಟಿನ ತಂತಿ ಬಲ್ಬು. ಅದರ ಒಂದು ತುದಿ ನ್ಯೂಟ್ರಲ್‌ಗೆ. ಇನ್ನೊಂದು ತುದಿ ಆರ್, ವೈ, ಬಿ (ಕೆಂಪು, ಹಳದಿ, ನೀಲಿ ಫೇಸ್) ಮತ್ತು ಆಫ್ ಎಂದು ಸ್ಥಾನಗಳಿರುವ ಸೆಲೆಕ್ಟರ್ ಸ್ವಿಚ್ಚಿಗೆ. ಪ್ಯಾನೆಲ್ ವೋಲ್ಟ್‌ಮೀಟರಿಗೆ ಬಳಸುವ ಸ್ವಿಚ್ಚಿನಲ್ಲೇ ಫೇಸ್-ನ್ಯೂಟ್ರಲ್ ತೋರಿಸುವ ಬಗೆಯದು ಸಿಗುತ್ತದೆ. ಮೂರೂ ಫೇಸಿನ ಕಡೆ 2 ಆಂಪಿನ ಕಂಟ್ರೋಲ್ ಫ್ಯೂಸ್ ಇರಲಿ. ಸ್ಟಾರ್ಟ್ ಒತ್ತುವ ಮೊದಲು ಮೂರು ಸ್ಥಾನದಲ್ಲೂ ತಿರುಗಿಸಿ ನೋಡಿ: ಮೂರರಲ್ಲೂ ಬೆಳಕು ಒಂದೇ ಸಮ ಇದ್ದರೆ ಮುಂದುವರಿಯಿರಿ. ಒಂದರಲ್ಲಿ ಕೆಂಪಗಾದರೆ ಅಥವಾ ಆರಿದರೆ ಆ ಫೇಸಿನ ಫ್ಯೂಸ್, ಕೇಬಲ್ ಜಾಯಿಂಟ್ ನೋಡಿ. ಬಲ್ಬಿನ ನ್ಯೂಟ್ರಲ್ ತುದಿಯನ್ನು ಅರ್ಥ್ ವೈರಿಗೆ ಎಂದೂ ಕಟ್ಟಬೇಡಿ. ಅರ್ಥ್ ಎಲ್ಲಿಯಾದರೂ ಕಡಿದಿದ್ದರೆ ಬಲ್ಬಿನ ಮೂಲಕ ಫೇಸ್ ಬಂದು ಸ್ಟಾರ್ಟರಿನ ಕಬ್ಬಿಣದ ಪೆಟ್ಟಿಗೆ, ಬೋರಿನ ಪೈಪು ಎಲ್ಲಕ್ಕೂ ಕರೆಂಟ್ ಬರುತ್ತದೆ. 30 ಮಿಲಿಆಂಪಿನ ಆರ್‌ಸಿಸಿಬಿ (ಅರ್ಥ್‌ಗೆ ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಇದ್ದರೆ 15 ವ್ಯಾಟಿನ ಬಲ್ಬೇ ಅದನ್ನು ಬೀಳಿಸುತ್ತದೆ.

ನ್ಯೂಟ್ರಲ್ ಬಂದಿಲ್ಲದ ಕಡೆ ಫೇಸ್-ಫೇಸ್ ನಡುವೆ ನೋಡಬೇಕಾಗುತ್ತದೆ. ಅಲ್ಲಿ 415 ವೋಲ್ಟ್ ಇರುವುದರಿಂದ ಎರಡು ಬಲ್ಬುಗಳನ್ನು ಸೀರೀಸಿನಲ್ಲಿ ಹಾಕುತ್ತಾರೆ. ಎರಡೂ ಒಂದೇ ವ್ಯಾಟಿನವು, ಸಾಧ್ಯವಾದರೆ ಒಂದೇ ಕಂಪನಿಯವು ಆಗಿರಲೇಬೇಕು. 40 ಮತ್ತು 100 ವ್ಯಾಟ್ ಸೇರಿಸಿದರೆ 40ರದ್ದರ ಪ್ರತಿರೋಧ ಸುಮಾರು 1320 ಓಮ್, 100ರದ್ದು 530. ಹಂಚಿಕೆಯಾಗುವಾಗ 40ರ ಬಲ್ಬಿನ ಮೇಲೆ 296 ವೋಲ್ಟ್ ಬೀಳುತ್ತದೆ. 100ರದ್ದು ಪೂರ್ತಿ ಕಾಯದೆ ಅದರ ಪ್ರತಿರೋಧ ಇನ್ನೂ ಕಡಿಮೆಯೇ ಉಳಿಯುವುದರಿಂದ ವಾಸ್ತವದಲ್ಲಿ 300 ದಾಟುತ್ತದೆ. ಬಲ್ಬು ಕೈಯಲ್ಲೇ ಸಿಡಿಯಬಹುದು. ಹೀಗೆ ಪರೀಕ್ಷೆಗೆ ಬಳಸುವ ಬಲ್ಬನ್ನು ಅದರ ಸುತ್ತ ಜಾಲರಿಯಿಲ್ಲದೆ ಮುಟ್ಟಬೇಡಿ.

ಬಲ್ಬಿಗೂ ಗೊತ್ತಾಗದ ದೋಷವೊಂದಿದೆ. ಜಾಯಿಂಟ್ ಸಡಿಲಾಗಿ ಅಲ್ಲಿ 2 ಓಮ್ ಪ್ರತಿರೋಧ ಹುಟ್ಟಿದೆ ಎನ್ನಿ. 100 ವ್ಯಾಟಿನ ಬಲ್ಬು ಹಾಕಿದರೂ ಅಲ್ಲಿ ಇಳಿಯುವುದು 0.9 ವೋಲ್ಟ್, ಬಲ್ಬು ಪೂರ್ತಿ ಬೆಳಗುತ್ತದೆ. ಅದೇ 5 ಎಚ್‌ಪಿ ಮೋಟಾರ್ ಡಿಒಎಲ್‌ನಲ್ಲಿ (ಪೂರ್ತಿ ವೋಲ್ಟೇಜನ್ನು ನೇರ ಕೊಡುವ ಸ್ಟಾರ್ಟರಿನಲ್ಲಿ) ಎದ್ದೇಳುವಾಗ 40 ಆಂಪಿನಷ್ಟು ಎಳೆಯಲು ನೋಡುತ್ತದೆ. ಆಗ ಅಲ್ಲಿ 80 ವೋಲ್ಟ್ ಮಾಯ. ಇದನ್ನು ಹಿಡಿಯಲು ಸ್ಟಾರ್ಟ್ ಆಗುವ ಕ್ಷಣದಲ್ಲಿ ಸ್ಟಾರ್ಟರ್ ಟರ್ಮಿನಲ್‌ನಲ್ಲಿ ಮಲ್ಟಿಮೀಟರ್ ನೋಡಬೇಕು. ಇನ್ನೊಂದು ಮುಖ್ಯ ಮಾತು: ಮೋಟಾರ್ ಓಡುತ್ತಿರುವಾಗಲೇ ಒಂದು ಫೇಸ್ ಹೋದರೆ, ತಿರುಗುತ್ತಿರುವ ಮೋಟಾರೇ ಆ ಫೇಸಿನಲ್ಲಿ ಹೆಚ್ಚುಕಡಿಮೆ ಪೂರ್ತಿ ವೋಲ್ಟೇಜು ಹುಟ್ಟಿಸುತ್ತದೆ. ನಿಯಾನ್, ಬಲ್ಬು, ಎಲ್‌ಇಡಿ ಯಾವುದೂ ಅದನ್ನು ತೋರಿಸುವುದಿಲ್ಲ. ಒಂದು ಫೇಸ್ ಹೋದದ್ದನ್ನು ಕರೆಂಟ್ ನೋಡಿ ತಿಳಿದು ಮೋಟಾರ್ ನಿಲ್ಲಿಸುವ ಸಿಂಗಲ್ ಫೇಸಿಂಗ್ ಪ್ರಿವೆಂಟರ್ ಮತ್ತು ಸರಿಯಾಗಿ ಸೆಟ್ ಮಾಡಿದ ಓವರ್‌ಲೋಡ್ ರಿಲೇ ಇಲ್ಲದ ಸಬ್‌ಮರ್ಸಿಬಲ್ ಮೋಟಾರನ್ನು ದೀಪ ನಂಬಿ ಓಡಿಸಬೇಡಿ.

ಈಗ ನಿಯಾನ್ ಕೊಳ್ಳುವಾಗ ನೋಡಬೇಕಾದ್ದು. ಪ್ಯಾನೆಲ್ ಇಂಡಿಕೇಟರ್ ಎಂದು ಈಗ ಅಂಗಡಿಯಲ್ಲಿ ಕೊಡುವ 22 ಮಿಲಿಮೀಟರಿನದ್ದು ಬಹುಪಾಲು ಎಲ್‌ಇಡಿ. ಅದೂ ಕೆಲವೇ ಮಿಲಿಆಂಪಿನಲ್ಲಿ ಉರಿಯುವುದರಿಂದ ಸುಳ್ಳು ಬೆಳಕಿನ ಕಾಟ ಅದಕ್ಕೂ ಇದೆ, ಮೇಲಿನ ರೆಸಿಸ್ಟರ್ ಉಪಾಯ ಅದಕ್ಕೂ ಸಲ್ಲುತ್ತದೆ. ನಿಯಾನೇ ಆದರೆ ಬಣ್ಣದ ಬಗ್ಗೆ ಎಚ್ಚರ. ನಿಯಾನ್ ಅನಿಲದ ಬೆಳಕು ಕಿತ್ತಳೆ-ಕೆಂಪು, ಅದರಲ್ಲಿ ನೀಲಿ ಇಲ್ಲವೆನ್ನುವಷ್ಟು ಕಡಿಮೆ. ಸಾದಾ ನಿಯಾನ್ ಮೇಲೆ ನೀಲಿ ಮುಚ್ಚಳ ಹಾಕಿದರೆ ಉರಿಯುತ್ತಿದ್ದರೂ ಆರಿದಂತೆಯೇ ಕಾಣುತ್ತದೆ. ಬಿ ಫೇಸ್ ಹೋಗಿದೆ ಎಂದು ಫ್ಯೂಸ್ ಹುಡುಕಿಕೊಂಡು ಹೋಗುವ ಪ್ರಸಂಗಗಳು ಇದರಿಂದ ಹುಟ್ಟುತ್ತವೆ. ಹಸಿರು, ನೀಲಿ ಬೇಕಾದರೆ ಗಾಜಿನ ಒಳಗೆ ಫಾಸ್ಫರ್ ಲೇಪಿಸಿದ ದೀಪವನ್ನೇ ಕೇಳಿ, ಇಲ್ಲವೇ ಆ ಒಂದಕ್ಕೆ ಎಲ್‌ಇಡಿ ಹಾಕಿ.

ಬಿಡಿ ನಿಯಾನ್ ತಂದು ಕಟ್ಟುವುದಾದರೆ ರೆಸಿಸ್ಟರ್ ಇಲ್ಲದೆ 230 ವೋಲ್ಟಿಗೆ ಕೊಡಲೇಬಾರದು. ಹೊತ್ತಿದ ಅನಿಲಕ್ಕೆ ಕರೆಂಟ್ ತಡೆಯುವ ಗುಣವಿಲ್ಲ, ಹರಿದಷ್ಟೂ ಇನ್ನಷ್ಟು ಎಳೆಯುತ್ತದೆ, ಕ್ಷಣದಲ್ಲಿ ಗಾಜು ಒಡೆಯುತ್ತದೆ. ಸಾಮಾನ್ಯ ದೀಪಕ್ಕೆ 220 ಕಿಲೋ ಓಮ್, ಹೆಚ್ಚು ಬೆಳಕಿನ ಬಗೆಗೆ 100 ಕಿಲೋ ಓಮ್. ಬೆಳಕು ಹೆಚ್ಚಲಿ ಎಂದು ಸಾಮಾನ್ಯ ದೀಪಕ್ಕೆ 100 ಕಿಲೋ ಓಮ್ ಹಾಕುವವರಿದ್ದಾರೆ. ಕರೆಂಟ್ ಎರಡು ಪಟ್ಟಾದರೆ ನಿಯಾನಿನ ಆಯಸ್ಸು ಸುಮಾರು ಹತ್ತರಲ್ಲೊಂದಕ್ಕೆ ಇಳಿಯುತ್ತದೆ, ಹಾಗೆ ಮಾಡಬೇಡಿ. 220 ಕಿಲೋ ಓಮಿನಲ್ಲಿ ಹುಟ್ಟುವ ಶಾಖ 0.13 ವ್ಯಾಟ್ ಮಾತ್ರ, ಕಾಲು ವ್ಯಾಟಿನ ರೆಸಿಸ್ಟರ್ ಸಾಕೆನಿಸುತ್ತದೆ. ಆದರೆ ಕಾಲು ವ್ಯಾಟಿನ ಸಾಮಾನ್ಯ ಕಾರ್ಬನ್ ರೆಸಿಸ್ಟರ್ ತಡೆಯುವ ವೋಲ್ಟೇಜೇ 250ರ ಆಸುಪಾಸು, ನಮ್ಮ ಲೈನಿನ ಶಿಖರ 325. ವರ್ಷಗಟ್ಟಲೆ ಹಾಗೆ ಉಳಿದರೆ ಅದರ ಪ್ರತಿರೋಧ ಏರುತ್ತ ಹೋಗಿ ದೀಪ ಮಂಕಾಗುತ್ತದೆ. ಅರ್ಧ ವ್ಯಾಟಿನದ್ದು ಹಾಕಿ, ಅಥವಾ 100 ಕಿಲೋ ಓಮಿನ ಎರಡನ್ನು ಸೀರೀಸಿನಲ್ಲಿ ಹಾಕಿ. ರೆಸಿಸ್ಟರ್ ಫೇಸಿನ ಕಡೆಯ ಕಾಲಿಗಿರಲಿ. ಕಾಲನ್ನು ಗಾಜಿನ ಬುಡದಲ್ಲೇ ಬಗ್ಗಿಸಿದರೆ ಸೀಲ್ ಬಿರಿದು ಗಾಳಿ ಒಳಹೋಗುತ್ತದೆ, ಮೂರು ಮಿಲಿಮೀಟರ್ ಬಿಟ್ಟು ಬಗ್ಗಿಸಿ. ಬೆಸುಗೆಯ ಮೇಲೆ ಸ್ಲೀವ್ ಹಾಕಿ.

ಹಳೆಯ ನಿಯಾನ್ ಮಿಣುಕಲು ಶುರುವಾದರೆ ಗಾಜಿನ ಒಳಗೋಡೆ ನೋಡಿ. ಕಡ್ಡಿಗಳ ಲೋಹ ಸವೆದು ಹಾರಿ ಗಾಜಿಗೆ ಅಂಟಿ ಕಪ್ಪಾಗಿರುತ್ತದೆ. ಸವೆದ ಹಾಗೆ ಹೊತ್ತುವ ವೋಲ್ಟೇಜು ಏರುತ್ತದೆ. ಕೊನೆಗೆ ಲೈನಿನ ವೋಲ್ಟೇಜು ಒಂದು ಕ್ಷಣ ಸಾಕಾಗಿ ಮರುಕ್ಷಣ ಸಾಲದೆ ಮಿಣುಕುತ್ತದೆ. ಅದನ್ನು ರಿಪೇರಿ ಮಾಡಲಾಗದು, ಬದಲಿಸಿ. ಗಾಜು ಸ್ವಚ್ಛವಾಗಿದ್ದೂ ಮಿಣುಕಿದರೆ ಸಡಿಲ ಸ್ಕ್ರೂ ಅಥವಾ ಪ್ರತಿರೋಧ ಏರಿದ ರೆಸಿಸ್ಟರ್ ಕಾರಣ. ಮುಚ್ಚಿದ ಪೆಟ್ಟಿಗೆಯೊಳಗೆ ತಡವಾಗಿ ಹೊತ್ತಿ, ಬಾಗಿಲು ತೆರೆದಾಗ ತಕ್ಷಣ ಹೊತ್ತಿದರೆ ಅದು ದೋಷವಲ್ಲ. ಪೂರ್ತಿ ಕತ್ತಲಲ್ಲಿ ಅನಿಲಕ್ಕೆ ಮೊದಲ ಎಲೆಕ್ಟ್ರಾನ್ ಸಿಗುವುದು ತಡ, ಹೊರಗಿನ ಬೆಳಕು ಬಿದ್ದರೆ ಬೇಗ ಸಿಗುತ್ತದೆ.

ಟೆಸ್ಟರಿನಲ್ಲಿರುವುದೂ ಇದೇ ನಿಯಾನ್, ಜೊತೆಗೆ 1 ಮೆಗಾ ಓಮ್ ಆಸುಪಾಸಿನ ರೆಸಿಸ್ಟರ್. ನಿಮ್ಮ ಮೈ ಮೂಲಕ ಹರಿಯುವುದು 0.2 ಮಿಲಿಆಂಪಿಗಿಂತ ಕಡಿಮೆ. ಒಣ ಮರದ ಸ್ಟೂಲಿನ ಮೇಲೆ ನಿಂತರೆ, ಬಿಸಿಲಿನಲ್ಲಿ ಹಿಡಿದರೆ ಜೀವಂತ ಲೈನಿನಲ್ಲೂ ಅದು ಉರಿದದ್ದು ಕಾಣದೆ ಹೋಗಬಹುದು. ಆದ್ದರಿಂದ ‘ಟೆಸ್ಟರ್ ಉರಿಯಲಿಲ್ಲ, ಕರೆಂಟಿಲ್ಲ’ ಎಂಬ ನಂಬಿಕೆ ಪ್ರಾಣಕ್ಕೇ ಕುತ್ತು. ಉರಿದರೆ ಎಚ್ಚರಿಕೆ ಎಂದಷ್ಟೇ ತಿಳಿಯಿರಿ. ಒಳಗೆ ನೀರು ಹೋದ ಟೆಸ್ಟರನ್ನು ಎಸೆದುಬಿಡಿ. ಸಾಕೆಟ್ಟಿನ ಎರಡೂ ತೂತಿನಲ್ಲಿ ಟೆಸ್ಟರ್ ಉರಿದು, ಎರಡರ ನಡುವೆ ಹಾಕಿದ ತಂತಿ ಬಲ್ಬು ಉರಿಯದಿದ್ದರೆ ನ್ಯೂಟ್ರಲ್ ಕಡಿದಿದೆ: ಆನ್ ಆಗಿರುವ ಬೇರೆ ಉಪಕರಣದ ಮೂಲಕ ಫೇಸ್ ನ್ಯೂಟ್ರಲ್ ವೈರಿಗೆ ಬಂದಿರುತ್ತದೆ.

ಕೊನೆಯದಾಗಿ ಸೀರೀಸ್ ಬೋರ್ಡ್. ಅಲ್ಲಿ ತಂತಿ ಬಲ್ಬಿಗೆ ಬದಲಿಯಿಲ್ಲ. 100 ವ್ಯಾಟಿನ ಬಲ್ಬು ತಣ್ಣಗಿದ್ದಾಗ ಅದರ ಪ್ರತಿರೋಧ 40 ಓಮ್ ಆಸುಪಾಸು, ಪೂರ್ತಿ ಕಾದಾಗ 530. ರಿಪೇರಿಯ ವಸ್ತು ಚೆನ್ನಾಗಿದ್ದರೆ ಕರೆಂಟ್ ಕಡಿಮೆ, ಬಲ್ಬು ತಣ್ಣಗೆ ದಾರಿ ಬಿಡುತ್ತದೆ. ಶಾರ್ಟ್ ಇದ್ದರೆ ಬಲ್ಬು ಕಾದು ತಾನೇ ತಡೆಯಾಗಿ ಕರೆಂಟನ್ನು 0.43 ಆಂಪಿಗೆ ನಿಲ್ಲಿಸುತ್ತದೆ. ಎಲ್‌ಇಡಿ ಬಲ್ಬಿನೊಳಗೆ ಇರುವುದು ಡಯೋಡ್, ಕೆಪಾಸಿಟರ್, ಡ್ರೈವರ್ ಚಿಪ್. ಅದು ಹೀಗೆ ತಡೆಯುವುದಿಲ್ಲ, ಮಿಣುಕಿ ಗೊಂದಲ ಹುಟ್ಟಿಸುತ್ತದೆ, ಎದುರಿನ ವಸ್ತುವಿಗೆ ಬೇಕಾದ ಕರೆಂಟನ್ನೂ ಬಿಡುವುದಿಲ್ಲ. ತಂತಿ ಬಲ್ಬು ಸಿಗದಿದ್ದರೆ ಅದೇ ವ್ಯಾಟಿನ ಹ್ಯಾಲೋಜನ್ ಹಾಕಬಹುದು, ಅದೂ ಟಂಗ್‌ಸ್ಟನ್ ತಂತಿಯೇ. ಬರಿಗಾಜಿನ ಹ್ಯಾಲೋಜನ್ ಟ್ಯೂಬನ್ನು ಬೆರಳಿನಿಂದ ಮುಟ್ಟಬೇಡಿ, ಎಣ್ಣೆಯಂಶ ಉಳಿದಲ್ಲಿ ಗಾಜು ಹಾಳಾಗುತ್ತದೆ.

ಸೀರೀಸ್ ಬೋರ್ಡಿಗೆ ಮೂರು ಬಲ್ಬು ಇಟ್ಟುಕೊಳ್ಳಿ: ಎಲ್‌ಇಡಿ ಡ್ರೈವರ್, ಚಾರ್ಜರಿನಂಥ ಸಣ್ಣವಕ್ಕೆ 40, ಟಿವಿ ಮತ್ತು ಫ್ಯಾನಿಗೆ 100, ಮಿಕ್ಸಿಗೆ 200. ಕೆಪಾಸಿಟರ್ ಇರುವ ಸರ್ಕೀಟಿನಲ್ಲಿ ಬಲ್ಬು ಒಮ್ಮೆ ಮಿಂಚಿ ಆರಿದರೆ ಅದು ಸರಿಯಾದ ಲಕ್ಷಣ. ಇಸ್ತ್ರಿಪೆಟ್ಟಿಗೆ, ಗೀಸರ್ ಮಾತ್ರ ಇದರಲ್ಲಿ ಪರೀಕ್ಷಿಸಲು ಹೋಗಬೇಡಿ. 1000 ವ್ಯಾಟಿನ ಇಸ್ತ್ರಿಪೆಟ್ಟಿಗೆಯ ಕಾಯಿಲ್ 53 ಓಮ್ ಇರುವುದರಿಂದ, ಅದು ಚೆನ್ನಾಗಿದ್ದರೂ 100 ವ್ಯಾಟಿನ ಬಲ್ಬಿನ ಮೇಲೆ 209 ವೋಲ್ಟ್ ಬಿದ್ದು ಅದು ಹೆಚ್ಚುಕಡಿಮೆ ಪೂರ್ತಿ ಬೆಳಗುತ್ತದೆ, ಶಾರ್ಟ್ ಎಂದು ಒಳ್ಳೆಯ ಕಾಯಿಲನ್ನು ಬಿಚ್ಚಿ ಎಸೆಯುವಂತಾಗುತ್ತದೆ. ಅವಕ್ಕೆ ಮಲ್ಟಿಮೀಟರಿನ ಓಮ್ ರೇಂಜ್ ಸಾಕು. ಹೊಸ ಬಲ್ಬು ಕೊಳ್ಳುವಾಗ ಗಾಜಿನ ಮೇಲೆ 240 ಅಥವಾ 250 ವೋಲ್ಟ್ ಎಂದು ಅಚ್ಚಾದದ್ದನ್ನೇ ಆರಿಸಿ. ನಿಮ್ಮ ಲೈನಿನಲ್ಲಿ ಅದು 220ರದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬಾಳುತ್ತದೆ.